ಗಟ್ಟಿಯಾಗದ ಹೈಪೋ ಮತ್ತು ನನ್ನ ಕೆಂಪು ಶಾಯಿ



ಕಲ್ಯಾಣದ ಕೋಟೆ, ತ್ರಿಪುರಾಂತದ ಕೆರೆ, ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ ಎಂದು ನಮ್ಮ ನೆಲದ ಹಳೆಯ ಸಂಗತಿಗಳನ್ನೇ ನಾನು ಇಲ್ಲಿ ಹೆಚ್ಚಾಗಿ ಬರೆಯುತ್ತ ಬಂದಿದ್ದೇನೆ. ಈ ಸಲದ ಬರಹವೂ ಇತಿಹಾಸವೇ. ಆದರೆ ಇದರಲ್ಲಿ ರಾಜರಿಲ್ಲ, ಯುದ್ಧಗಳಿಲ್ಲ. ತಣ್ಣಗಾದರೂ ಗಟ್ಟಿಯಾಗಲೊಲ್ಲದ ಕೆಲವು ದ್ರವಗಳು, ಅವುಗಳ ಗುಟ್ಟನ್ನು ಮುನ್ನೂರು ವರ್ಷಗಳಿಂದ ಹುಡುಕುತ್ತಿರುವ ಜನರು, ಆ ಗುಟ್ಟಿನಿಂದ ನಮ್ಮ ಮನೆಯ ಔಷಧದ ಡಬ್ಬಿಗೆ ಬಂದಿರುವ ಕೆಲವು ಗುಳಿಗೆಗಳು, ಇಷ್ಟೇ ಇದರ ವಸ್ತು. ಇದನ್ನು ಬರೆಯಲು ಕಾರಣವಾದದ್ದು ನಾನು ಮಾಡಿದ ಒಂದು ತಪ್ಪು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಅದು 1987ರ ಡಿಸೆಂಬರ್ ತಿಂಗಳು. ಬಸವಕಲ್ಯಾಣದ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ನಾನು ವಿಜ್ಞಾನ ಬೋಧಿಸುತ್ತಿದ್ದೆ. ಆ ವಾರ ಗುಪ್ತೋಷ್ಣದ ಪಾಠ ಮುಗಿದಿತ್ತು. ಕರಗಿದ ವಸ್ತುವೊಂದು ತಣ್ಣಗಾಗುವಾಗ ಅದರ ತಾಪವನ್ನು ನಿಮಿಷಕ್ಕೊಮ್ಮೆ ಗುರುತಿಸಿ ನಕ್ಷೆ ಬಿಡಿಸುವ ಪ್ರಯೋಗವನ್ನು ಮಕ್ಕಳಿಗೆ ಕೊಟ್ಟಿದ್ದೆ. ವಸ್ತು ಯಾವುದೆಂದರೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಆ ಕಾಲದಲ್ಲಿ ಫೋಟೋ ಸ್ಟುಡಿಯೋದವರೆಲ್ಲ ಬಳಸುತ್ತಿದ್ದ ಹರಳು ಅದು. ಪೇಟೆಯ ಸ್ಟುಡಿಯೋದಿಂದಲೇ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ತಂದಿದ್ದೆ. ಅದು ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಪುಸ್ತಕದ ಪ್ರಕಾರ ತಾಪವು 48ಕ್ಕೆ ಇಳಿಯಬೇಕು, ವಸ್ತುವೆಲ್ಲ ಗಟ್ಟಿಯಾಗುವವರೆಗೆ ಅಲ್ಲಿಯೇ ನಿಲ್ಲಬೇಕು, ಬಳಿಕ ಮತ್ತೆ ಇಳಿಯಬೇಕು.

ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ಹುಡುಗನೊಬ್ಬ ತನ್ನ ದಾಖಲೆ ಪುಸ್ತಕವನ್ನು ಹಿಡಿದುಕೊಂಡು ಅಂಜುತ್ತಲೇ ನನ್ನ ಮೇಜಿನ ಬಳಿಗೆ ಬಂದ. ಅವನ ತಂದೆ ಕಬ್ಬಿನ ಗಾಣದಲ್ಲಿ ಬೆಲ್ಲ ಬೇಯಿಸುವವರು.

"ಸರ್, ಮೂವತ್ನಾಲ್ಕಕ್ಕ ಬಂದ್ರೂ ಗಟ್ಟಿ ಆಗಲಿಲ್ರಿ. ಆಮ್ಯಾಲ ಒಮ್ಮೆಲೆ ಗಟ್ಟಿ ಆಗಿ ಬಿಸಿ ಏರ್ತುರಿ" ಎಂದ.

ಅವನ ಪಟ್ಟಿಯನ್ನು ನೋಡಿದೆ. 55, 50, 46, 41, 37, 34. ಅದರ ಮುಂದೆ ನೇರವಾಗಿ 48. ನನಗೆ ಸಿಟ್ಟು ಬಂದಿತು. "ಆರೋ ವಸ್ತು ತಾನಾಗೇ ಬಿಸಿ ಏರ್ತದೇನೋ? ಉಷ್ಣಮಾಪಕ ಓದಲಿಕ್ಕೆ ಬರೋದಿಲ್ಲ ನಿನಗ" ಎಂದು ಗದರಿಸಿ ಇಡೀ ಪುಟದ ಮೇಲೆ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದೆ. ಪಕ್ಕದ ಹುಡುಗನ ಪುಸ್ತಕದಲ್ಲಿದ್ದ ಅಂಕಿಗಳನ್ನು ನೋಡಿ ಬರೆದುಕೊಂಡು ಬರುವಂತೆ ಹೇಳಿದೆ. ಅವನು ತಲೆ ತಗ್ಗಿಸಿ ಹಾಗೆಯೇ ಮಾಡಿದ. ಆ ಸುಳ್ಳು ಪಟ್ಟಿಗೆ ನಾನು ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ಈ ವರ್ಷದ ಯುಗಾದಿಯ ಮರುದಿನ ಆ ಹುಡುಗ ಮನೆಗೆ ಬಂದಿದ್ದ. ಹುಡುಗನೆಂದು ಬರೆದೆ, ಈಗ ಅವನಿಗೆ ಐವತ್ತು ದಾಟಿದೆ. ರಸಾಯನ ವಿಜ್ಞಾನದಲ್ಲಿ ಪದವಿ ಪಡೆದು, ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಮೂಲವಸ್ತುಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಬಹುಕಾಲ ಇದ್ದವನು. ನನ್ನ ಮನೆಯಾಕೆ ಅವನ ಮುಂದೆ ತಟ್ಟೆಯಲ್ಲಿ ಸಕ್ಕರೆ ಸರದ ಎರಡು ತುಂಡುಗಳನ್ನೂ ಶೇಂಗಾ ಚಿಕ್ಕಿಯನ್ನೂ ಇಟ್ಟಳು. ಅವನು ಅವೆರಡನ್ನೂ ನೋಡಿ ನಕ್ಕು, "ಸರ್, ನಮ್ಮ ಲ್ಯಾಬಿನ ಕೆಲಸ ಪೂರಾ ಈ ತಾಟಿನ್ಯಾಗೇ ಅದ ನೋಡ್ರಿ" ಎಂದ. ಅಂದು ಅವನು ನನಗೆ ಪಾಠ ಹೇಳಿದ, ನಾನು ವಿದ್ಯಾರ್ಥಿಯಾಗಿ ಕೇಳಿದೆ. ಆಮೇಲೆ ಕೆಲವು ತಿಂಗಳು ನನ್ನ ಶಕ್ತಿಗೆ ನಿಲುಕಿದಷ್ಟು ಓದಿಕೊಂಡೆ. ಅದರ ಸಾರ ಇಲ್ಲಿದೆ.

ಸಕ್ಕರೆ ಸರದಲ್ಲಿ ಸಕ್ಕರೆಯ ಅಣುಗಳು ಕವಾಯತಿನ ಮಕ್ಕಳಂತೆ ಸಾಲುಸಾಲಾಗಿ ಜೋಡಣೆಗೊಂಡಿರುತ್ತವೆ. ಅದು ಸಣ್ಣ ಸಣ್ಣ ಹರಳುಗಳ ಮುದ್ದೆ, ಆದ್ದರಿಂದಲೇ ಬೆಳ್ಳಗೆ ಕಾಣುತ್ತದೆ. ಚಿಕ್ಕಿಯ ಪಾಕದಲ್ಲಿ ಹಾಗಲ್ಲ. ಗಟ್ಟಿ ಪಾಕವನ್ನು ಹಲಗೆಯ ಮೇಲೆ ಸುರಿದು ಬೇಗನೆ ಲಟ್ಟಿಸಿ ಆರಿಸಿದಾಗ ಅಣುಗಳಿಗೆ ಸಾಲು ಕಟ್ಟಲು ಸಮಯವೇ ಸಿಗುವುದಿಲ್ಲ. ದ್ರವದಲ್ಲಿ ಹೇಗೆ ಚೆಲ್ಲಾಪಿಲ್ಲಿಯಾಗಿ ನಿಂತಿದ್ದವೋ ಹಾಗೆಯೇ ಸ್ತಬ್ಧವಾಗುತ್ತವೆ. ಕಣ್ಣಿಗೆ ಅದು ಘನ, ಆದರೆ ಅದರ ಒಳಗಿನ ವಿನ್ಯಾಸ ದ್ರವದ್ದು. ಇದನ್ನೇ ವಿಜ್ಞಾನಿಗಳು ಗಾಜು ಎಂದು ಕರೆಯುತ್ತಾರೆ. ಕಿಟಕಿಯ ಗಾಜು ಈ ದೊಡ್ಡ ಕುಟುಂಬದ ಒಬ್ಬ ಸದಸ್ಯ ಮಾತ್ರ. ಕರಗುಬಿಂದುವಿಗಿಂತ ಕೆಳಗಿಳಿದರೂ ಹರಳಾಗದೆ, ಇನ್ನೂ ಗಾಜೂ ಆಗದೆ, ನಡುವೆ ಉಳಿದಿರುವ ಸ್ಥಿತಿಗೆ ಅತಿಶೀತಲಿತ ದ್ರವ ಎಂದು ಹೆಸರು. ಅಂದು 48ರಿಂದ 34ಕ್ಕೆ ಇಳಿದರೂ ನೀರಾಗಿಯೇ ಇದ್ದ ಹೈಪೋ ಅಂತಹ ದ್ರವವಾಗಿತ್ತು.

ಈ ಸ್ಥಿತಿಯನ್ನು ಮೊದಲಿಗೆ ಎಚ್ಚರದಿಂದ ಗಮನಿಸಿ ಬರೆದಿಟ್ಟವರಲ್ಲಿ ಒಬ್ಬ ಉಷ್ಣಮಾಪಕದ ಮೂಲಕವೇ ನಮಗೆಲ್ಲ ಪರಿಚಿತನಾದ ಡೇನಿಯಲ್ ಫ್ಯಾರನ್‌ಹೀಟ್. 1721ರಲ್ಲಿ ಅವನು ಗಾಜಿನ ಬುರುಡೆಯೊಂದರಲ್ಲಿ ಮಳೆನೀರು ತುಂಬಿ, ಗಾಳಿಯನ್ನು ತೆಗೆದು ಮುಚ್ಚಿ, ರಾತ್ರಿಯೆಲ್ಲ ಕೊರೆಯುವ ಚಳಿಯಲ್ಲಿ ಇಟ್ಟ. ತಾಪ ಅವನ ಅಳತೆಯಲ್ಲಿ 15 ಡಿಗ್ರಿ, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಸುಮಾರು 9 ಡಿಗ್ರಿ ಕೆಳಗೆ. ಬೆಳಿಗ್ಗೆ ನೋಡಿದರೆ ನೀರು ನೀರಾಗಿಯೇ ಇತ್ತು. ಇನ್ನೊಂದು ಸಲ ಅಂತಹದೇ ಬುರುಡೆಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲೇರುವಾಗ ಎಡವಿದ. ಆ ಕುಲುಕಾಟಕ್ಕೆ ನೀರಿನ ತುಂಬೆಲ್ಲ ಒಮ್ಮೆಲೇ ಮಂಜಿನ ಚೂರುಗಳು ಹರಡಿದವು. ಅವನು ತನ್ನ ಉಷ್ಣಮಾಪಕವನ್ನು ದೂರಲಿಲ್ಲ, ಕಂಡದ್ದನ್ನು ಕಂಡಂತೆ ಬರೆದು 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ನನ್ನ ಶಿಷ್ಯ ಮಾಡಿದ್ದೂ ಇದನ್ನೇ. ವ್ಯತ್ಯಾಸವೆಂದರೆ ಫ್ಯಾರನ್‌ಹೀಟನಿಗೆ ನನ್ನಂತಹ ಮೇಷ್ಟ್ರು ಇರಲಿಲ್ಲ.

ದ್ರವ ಗಟ್ಟಿಯಾಗಲು ಚಳಿಯೊಂದೇ ಸಾಲದು, ಒಂದು ಬೀಜವೂ ಬೇಕು. ಕೆಲವು ಅಣುಗಳು ಆಕಸ್ಮಿಕವಾಗಿ ಸರಿಯಾದ ಸಾಲಿನಲ್ಲಿ ಕೂಡಿ ಸಣ್ಣ ಹರಳಾಗಬೇಕು, ಇಲ್ಲವೆ ಹೊರಗಿನಿಂದ ಹರಳಿನ ಕಣವೊಂದು ಬೀಳಬೇಕು. ಆಗ ಉಳಿದ ಅಣುಗಳು ಅದರ ಮೇಲೆ ಸಾಲುಗಟ್ಟುತ್ತವೆ. ಹಾಗೆ ಸಾಲುಗಟ್ಟುವಾಗ ಅವು ಬಿಟ್ಟುಕೊಡುವ ಶಾಖವೇ ಗುಪ್ತೋಷ್ಣ. ಹುಡುಗ ಪ್ರನಾಳದಿಂದ ಉಷ್ಣಮಾಪಕವನ್ನು ಮೇಲೆತ್ತಿ ಮತ್ತೆ ಇಳಿಸಿದ್ದನಂತೆ. ಅದಕ್ಕೆ ಅಂಟಿದ್ದ ಹೈಪೋವಿನ ಕಣವೊಂದು ಬೀಜವಾಗಿರಬೇಕು. ಒಮ್ಮೆಲೇ ಹರಳುಗಟ್ಟಿತು, ಬಿಡುಗಡೆಯಾದ ಶಾಖದಿಂದ ತಾಪ ಮತ್ತೆ 48ಕ್ಕೆ ಏರಿತು. ಗುಪ್ತೋಷ್ಣದ ವ್ಯಾಖ್ಯೆಯನ್ನು ಅದೇ ವಾರ ಬಾಯಿಪಾಠ ಮಾಡಿಸಿದ್ದ ನಾನು ಅದು ನನ್ನ ಕಣ್ಣೆದುರಿಗೇ ಪ್ರತ್ಯಕ್ಷವಾದಾಗ ಗುರುತಿಸಲಿಲ್ಲ.

ಬೀಜ ಹುಟ್ಟುವ ವೇಗ ಬೇರೆ, ಹರಳು ಬೆಳೆಯುವ ವೇಗ ಬೇರೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಗುಸ್ತಾವ್ ಟಾಮನ್ ಎಂಬ ವಿಜ್ಞಾನಿ ಅನೇಕ ಸಾವಯವ ದ್ರವಗಳ ಮೇಲೆ ಪರೀಕ್ಷಿಸಿ ತೋರಿಸಿದ. ದ್ರವವನ್ನು ಬೇಗನೆ ತಣಿಸಿ ಈ ಎರಡು ಘಟ್ಟಗಳನ್ನೂ ದಾಟಿಸಿಬಿಟ್ಟರೆ ಅದು ಹರಳಾಗದೆ ಗಾಜಾಗುತ್ತದೆ. ನಮ್ಮ ಅಜ್ಜಿಯಂದಿರು ಪಾಕ ಮಾಡುವಾಗ ನಿಂಬೆಹಣ್ಣಿನ ನಾಲ್ಕು ಹನಿ ಹಿಂಡುತ್ತಿದ್ದರಲ್ಲ, ಅದರ ಕೆಲಸವೂ ಇದೇ ಜಾತಿಯದು. ಹುಳಿಯು ಸಕ್ಕರೆಯ ಒಂದಿಷ್ಟು ಭಾಗವನ್ನು ಒಡೆದು ಬೇರೆ ಎರಡು ಸಕ್ಕರೆಗಳನ್ನಾಗಿ ಮಾಡುತ್ತದೆ. ಆ ಪರಕೀಯರು ನಡುವೆ ಸೇರಿಕೊಂಡರೆ ಸಾಲು ಕಟ್ಟುವುದು ಕಷ್ಟವಾಗಿ ಪಾಕ ಹರಳಾಗುವುದಿಲ್ಲ. ಸುಮಾರು 1129ರಲ್ಲಿ ನಮ್ಮ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಅಡುಗೆಯ ವಿವರಗಳೂ ಇವೆ, ಮೇಣದ ಅಚ್ಚಿನಲ್ಲಿ ಲೋಹವನ್ನು ಎರೆದು ವಿಗ್ರಹ ಮಾಡುವ ಕ್ರಮವೂ ಇದೆ. ಕಾಯಿಸುವುದೂ ತಣಿಸುವುದೂ ಒಂದು ವಿದ್ಯೆಯೆಂದು ಈ ಊರು ಬಹಳ ಹಿಂದೆಯೇ ಬಲ್ಲದು.

ಇನ್ನು ಈ ದ್ರವದೊಳಗೆ ಅಣುಗಳು ಏನು ಮಾಡುತ್ತಿರುತ್ತವೆ? ಪೀಟರ್ ಡಿಬೈ ಎಂಬ ವಿಜ್ಞಾನಿ 1912–13ರ ಹೊತ್ತಿಗೆ ಇದಕ್ಕೊಂದು ದಾರಿ ತೋರಿದ. ಅನೇಕ ಅಣುಗಳಲ್ಲಿ ಒಂದು ತುದಿ ತುಸು ಧನವಿದ್ಯುತ್ತಿನದು, ಇನ್ನೊಂದು ತುದಿ ತುಸು ಋಣವಿದ್ಯುತ್ತಿನದು. ದ್ರವಕ್ಕೆ ವಿದ್ಯುತ್ ಕ್ಷೇತ್ರವನ್ನು ಹಚ್ಚಿದರೆ ಅಣುಗಳು ಅತ್ತ ತಿರುಗುತ್ತವೆ, ಕ್ಷೇತ್ರವನ್ನು ತೆಗೆದರೆ ಮತ್ತೆ ಚೆದರುತ್ತವೆ. ಹೀಗೆ ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಸಮಯವನ್ನು ನಾನು ಸಡಿಲಿಕೆಯ ಕಾಲವೆಂದು ಕರೆಯುತ್ತೇನೆ. ಕೋಣೆಯ ತಾಪದ ನೀರಿನಲ್ಲಿ ಅದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಎಂಟೊಂಬತ್ತು ಭಾಗ ಮಾತ್ರ. ಅತಿಶೀತಲಿತ ದ್ರವ ತಣ್ಣಗಾದಂತೆಲ್ಲ ಈ ಕಾಲ ಬೆಳೆಯುತ್ತ ಹೋಗಿ, ಗಾಜಾಗುವ ಹೊತ್ತಿಗೆ ಸುಮಾರು 100 ಸೆಕೆಂಡಿಗೆ ಮುಟ್ಟುತ್ತದೆ. ಡಿಬೈಗೆ 1936ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು.

ಹುಮನಾಬಾದಿನಿಂದ ಕಲಬುರಗಿಗೆ ಹೋಗುವ ಬಸ್ಸನ್ನು ಜಾತ್ರೆಯ ದಿನ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಖಾಲಿಯಿದ್ದಾಗ ಯಾರು ಎತ್ತ ಬೇಕಾದರೂ ತಿರುಗಬಹುದು. ತುಂಬಿದಾಗ ಒಬ್ಬರು ತಿರುಗಬೇಕಾದರೆ ಸುತ್ತಲಿನ ನಾಲ್ವರು ಸರಿಯಬೇಕು, ಆ ನಾಲ್ವರು ಸರಿಯಲು ಮತ್ತೆ ಹತ್ತು ಜನ ಸರಿಯಬೇಕು. ಅತಿಶೀತಲಿತ ದ್ರವದಲ್ಲಿಯೂ ಹೀಗೆಯೇ. ಎಲ್ಲೆಡೆ ಇಕ್ಕಟ್ಟು ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಕೆಲವು ಅಣುಗಳು ಬೇಗ ಸಡಿಲಗೊಳ್ಳುತ್ತವೆ, ಕೆಲವು ಬಹಳ ತಡವಾಗಿ. ಹೀಗೆ ಮೊದಲು ವೇಗವಾಗಿ, ಆಮೇಲೆ ಎಳೆದೆಳೆದು ಮುಗಿಯುವ ಇಳಿತವನ್ನು 1854ರಲ್ಲಿಯೇ ರುಡಾಲ್ಫ್ ಕೋಲ್‌ರಾಷ್ ಎಂಬಾತ ಗಾಜಿನ ಜಾಡಿಯಲ್ಲಿ ಸಂಗ್ರಹವಾದ ವಿದ್ಯುತ್ತು ಸೋರಿಹೋಗುವುದನ್ನು ಅಳೆಯುವಾಗ ಕಂಡಿದ್ದ. ಪೂರ್ತಿ ಗಾಜಾದ ಮೇಲೂ ಅಲ್ಪಸ್ವಲ್ಪ ಅಲುಗಾಟ ಉಳಿದಿರುತ್ತದೆಂದು 1970ರಲ್ಲಿ ಜೋಹರಿ ಮತ್ತು ಗೋಲ್ಡ್‌ಸ್ಟೈನ್ ತೋರಿಸಿದರು. ಬಸ್ಸಿನಲ್ಲಿ ಕಾಲು ಕದಲಿಸಲಾಗದಿದ್ದರೂ ಕತ್ತು ಹೊರಳಿಸಬಹುದಷ್ಟೆ, ಹಾಗೆ.

ಈ ಇಕ್ಕಟ್ಟಿನಲ್ಲಿ ಅಣುಗಳು ಪರಸ್ಪರ ಕೈ ಹಿಡಿದುಕೊಂಡಿದ್ದರೆ ಕತೆ ಇನ್ನಷ್ಟು ಜಟಿಲವಾಗುತ್ತದೆ. ಆ ಕೈಹಿಡಿತವೇ ಜಲಜನಕ ಬಂಧ. ಆಮ್ಲಜನಕ ಅಥವಾ ಸಾರಜನಕಕ್ಕೆ ಕೂಡಿರುವ ಜಲಜನಕವು ತುಸು ಧನವಿದ್ಯುತ್ತನ್ನು ಪಡೆದಿರುತ್ತದೆ. ಅದು ಪಕ್ಕದ ಅಣುವಿನ ಆಮ್ಲಜನಕ, ಸಾರಜನಕಗಳ ಕಡೆಗೆ ವಾಲುತ್ತದೆ. ಈ ಬಂಧ ಗಂಡಹೆಂಡಿರ ಸಂಬಂಧದಷ್ಟು ಗಟ್ಟಿಯಲ್ಲ, ನೆರೆಹೊರೆಯವರ ಸಂಬಂಧದಂತಹದು. ಬೇಕಾದಾಗ ಕಟ್ಟಿಕೊಳ್ಳುತ್ತದೆ, ಬೇಡವಾದಾಗ ಬಿಟ್ಟುಹೋಗುತ್ತದೆ. 1920ರಲ್ಲಿ ಅಮೆರಿಕದ ಲ್ಯಾಟಿಮರ್ ಮತ್ತು ರೋಡ್‌ಬುಷ್ ಇದನ್ನು ನೀರಿನ ವಿಷಯದಲ್ಲಿ ವಿವರಿಸಿದರು. 1939ರಲ್ಲಿ ಲೈನಸ್ ಪಾಲಿಂಗ್ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟ. ನಮಗೆ ಹೆಮ್ಮೆಯ ಸಂಗತಿಯೊಂದಿದೆ. ಜಲಜನಕ ಬಂಧ ಎಂದರೇನು ಎಂಬ ವ್ಯಾಖ್ಯೆಯನ್ನು ಅಂತರರಾಷ್ಟ್ರೀಯ ರಸಾಯನ ವಿಜ್ಞಾನ ಒಕ್ಕೂಟವು 2011ರಲ್ಲಿ ಹೊಸದಾಗಿ ಪ್ರಕಟಿಸಿದಾಗ ಆ ಕಾರ್ಯಪಡೆಯ ಮುಂದಾಳಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಇ. ಅರುಣನ್. ಅದೇ ಸಂಸ್ಥೆಯ ಪ್ರೊಫೆಸರ್ ಗೌತಮ್ ದೇಸಿರಾಜು ಆ ಪಡೆಯಲ್ಲಿದ್ದರು. ಗಾಜುಗಳ ರಸಾಯನ ರಚನೆಯ ಬಗ್ಗೆ 2002ರಲ್ಲಿ ಬಂದ ದೊಡ್ಡ ಗ್ರಂಥವೊಂದನ್ನು ಬರೆದವರೂ ಅಲ್ಲಿಯವರೇ, ಪ್ರೊಫೆಸರ್ ಕೆ. ಜೆ. ರಾವ್.

ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ನಾವು ಹಚ್ಚಿಕೊಳ್ಳುವ ಗ್ಲಿಸರಿನ್ ಇದಕ್ಕೆ ಮನೆಯೊಳಗಿನ ಸಾಕ್ಷಿ. ನೀರು ಬೆರೆಯದ ಶುದ್ಧ ಗ್ಲಿಸರಿನ್ನಿನ ಕರಗುಬಿಂದು ಸುಮಾರು 18 ಡಿಗ್ರಿ. ನಮ್ಮ ಕಡೆ ಡಿಸೆಂಬರಿನ ನಸುಕಿನಲ್ಲಿ ತಾಪ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಆದರೆ ಕಿಟಕಿಯಲ್ಲಿಟ್ಟ ಶೀಶೆಯಲ್ಲಿ ಗ್ಲಿಸರಿನ್ ಹರಳುಗಟ್ಟಿದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ಅದರ ಪ್ರತಿ ಅಣುವಿಗೂ ಕೈಹಿಡಿಯಲು ಮೂರು ಕೈಗಳು. ಹೇಗೆಂದರೆ ಹಾಗೆ ಹಿಡಿದುಕೊಂಡ ಈ ಕೈಗಳ ಗೋಜಲಿನಲ್ಲಿ ಅಣುಗಳಿಗೆ ಸಾಲಿಗೆ ಬರಲಾಗುವುದಿಲ್ಲ. 1951ರಲ್ಲಿ ಡೇವಿಡ್‌ಸನ್ ಮತ್ತು ಕೋಲ್ ಎಂಬವರು ಇದೇ ಗ್ಲಿಸರಿನ್ನನ್ನು ಅತಿಯಾಗಿ ತಣಿಸಿ ಅದರ ಸಡಿಲಿಕೆಯನ್ನು ವಿದ್ಯುತ್ತಿನಿಂದ ಅಳೆದರು. ಇಂದಿಗೂ ಈ ಶಾಸ್ತ್ರ ಕಲಿಯುವವರಿಗೆ ಅದು ಮೊದಲ ಪಾಠವಂತೆ.

ಈಗ ಔಷಧಕ್ಕೆ ಬರೋಣ. ಅನೇಕ ಔಷಧಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕರಗದ ಔಷಧ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದಿಲ್ಲ. ಹರಳಿನಲ್ಲಿ ಅಣುಗಳು ಬಿಗಿಯಾಗಿ ಸಾಲುಗಟ್ಟಿರುವುದರಿಂದ ಅವನ್ನು ಬಿಡಿಸಿಕೊಳ್ಳಲು ನೀರು ಹೆಣಗಬೇಕು. ಗಾಜಿನ ರೂಪದಲ್ಲಾದರೆ ಸಾಲೇ ಇಲ್ಲ, ಬೇಗ ಕರಗುತ್ತದೆ. 1960ರಲ್ಲಿ ಮುಲಿನ್ಸ್ ಮತ್ತು ಮೇಸೆಕ್ ಎಂಬ ಸಂಶೋಧಕರು ನೊವೊಬಯೋಸಿನ್ ಎಂಬ ಜೀವಿರೋಧಕದಲ್ಲಿ ಇದನ್ನು ಸ್ಪಷ್ಟವಾಗಿ ಕಂಡರು. ಹರಳಿಲ್ಲದ ರೂಪವು ಚೆನ್ನಾಗಿ ದೇಹಗತವಾಗುತ್ತಿತ್ತು, ಹರಳಿನ ರೂಪ ಆಗುತ್ತಿರಲಿಲ್ಲ. ತೊಂದರೆಯೆಂದರೆ ಶೀಶೆಯ ದ್ರವದಲ್ಲಿ ಹಾಗೆಯೇ ಇಟ್ಟರೆ ಮೊದಲನೆಯದು ನಿಧಾನವಾಗಿ ಎರಡನೆಯದಾಗಿ ಮಾರ್ಪಡುತ್ತಿತ್ತು. ಅದು ನಿಷ್ಫಲವಾಗುವುದು ಹೊರಗಿನಿಂದ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಹರಳು ಎಷ್ಟು ಹಠಮಾರಿಯೆಂಬುದಕ್ಕೆ ದೊಡ್ಡ ನಿದರ್ಶನ ರಿಟೊನಾವಿರ್. ಎಚ್‌ಐವಿ ಸೋಂಕಿಗೆ ಕೊಡುವ ಈ ಔಷಧವನ್ನು ಅಮೆರಿಕದ ಅಬಾಟ್ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದಿತು. 1998ರಲ್ಲಿ ಅದರ ಕ್ಯಾಪ್ಸೂಲುಗಳು ಸರಿಯಾಗಿ ಕರಗುವ ಪರೀಕ್ಷೆಯಲ್ಲಿ ಸೋಲತೊಡಗಿದವು. ಹುಡುಕಿದಾಗ ಅದುವರೆಗೆ ಯಾರೂ ಕಾಣದಿದ್ದ ಎರಡನೆಯ ಬಗೆಯ ಹರಳು ಒಳಗೆ ಹುಟ್ಟಿಕೊಂಡಿತ್ತು. ಅದರಲ್ಲಿ ಜಲಜನಕ ಬಂಧಗಳ ಹೆಣಿಗೆ ಮೊದಲಿನದಕ್ಕಿಂತ ಬಲವಾದದ್ದು, ಆದ್ದರಿಂದ ಅದು ಬಹಳ ಕಡಿಮೆ ಕರಗುತ್ತಿತ್ತು. ಒಮ್ಮೆ ಆ ಬೀಜ ಹುಟ್ಟಿದ ಮೇಲೆ ಹಳೆಯ ಹರಳನ್ನು ತಯಾರಿಸುವುದೇ ದುಸ್ತರವಾಯಿತು. ಕ್ಯಾಪ್ಸೂಲನ್ನು ಹಿಂದಕ್ಕೆ ಪಡೆಯಬೇಕಾಯಿತು. 1999ರಲ್ಲಿ ಬಂದ ಹೊಸ ಕ್ಯಾಪ್ಸೂಲನ್ನು ಶೈತ್ಯಪೆಟ್ಟಿಗೆಯಲ್ಲಿಡಬೇಕಿತ್ತು. ಶೈತ್ಯಪೆಟ್ಟಿಗೆಯಿಲ್ಲದ, ಕರೆಂಟಿಲ್ಲದ ಮನೆಗಳ ರೋಗಿಗಳು ಏನು ಮಾಡಬೇಕು?

ಇದಕ್ಕೆ ಪರಿಹಾರ ಸಿಕ್ಕಿದ್ದು ಗಾಜಿನಲ್ಲಿಯೇ. ವಿಸ್ಕಾನ್ಸಿನ್ನಿನ ಪ್ರೊಫೆಸರ್ ಜಾರ್ಜ್ ಜೋಗ್ರಾಫಿಯವರೂ ಅವರ ಸಂಗಡಿಗ ಸಂಶೋಧಕರೂ ಕೂಡಿ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಅವರು ಪರೀಕ್ಷಿಸಿದ ಮೂರು ಗಾಜುಗಳಲ್ಲಿ ಒಂದು ಕೀಲುನೋವಿನ ಔಷಧ ಇಂಡೊಮೆಥಾಸಿನ್, ಇನ್ನೊಂದು ಪಿವಿಪಿ ಎಂಬ ಪಾಲಿಮರ್, ಮೂರನೆಯದು ನಮ್ಮ ಸಕ್ಕರೆ. ಗಾಜು ಸಡಿಲಗೊಳ್ಳುವ ತಾಪಕ್ಕಿಂತ ಸುಮಾರು 50 ಡಿಗ್ರಿ ಕೆಳಗಿಟ್ಟರೆ ಮಾತ್ರ ಅಣುಗಳ ಚಲನೆ ಔಷಧದ ಬಾಳಿಕೆಯ ಕಾಲದಲ್ಲಿ ಲೆಕ್ಕಕ್ಕಿಲ್ಲದಷ್ಟಾಗುತ್ತದೆ ಎಂದು ಅವರು ಕಂಡರು. ಇಂಡೊಮೆಥಾಸಿನ್ನಿನ ಗಾಜು ಸಡಿಲಗೊಳ್ಳುವುದು ಸುಮಾರು 42 ಡಿಗ್ರಿಯಲ್ಲಿ. ಪ್ಯಾರಾಸಿಟಮಾಲಿನದು ಸುಮಾರು 24ರಲ್ಲಿ. ಈ ಅಂಕಿಗಳನ್ನು ಕೇಳಿದಾಗ ನಾನು ಬೆಚ್ಚಿದೆ. 42 ಡಿಗ್ರಿಯೆಂದರೆ ನಮ್ಮ ಹುಮನಾಬಾದಿನ ಮೇ ತಿಂಗಳ ನಡುಮಧ್ಯಾಹ್ನವಲ್ಲವೆ? ಅದಕ್ಕಿಂತ 50 ಕಡಿಮೆಯೆಂದರೆ ಸೊನ್ನೆಗಿಂತ 8 ಡಿಗ್ರಿ ಕೆಳಗೆ. ಮನೆಯ ಶೈತ್ಯಪೆಟ್ಟಿಗೆಯೂ ಸಾಲದು.

ಆದ್ದರಿಂದ ಅಂತಹ ಔಷಧವನ್ನು ಒಂಟಿಯಾಗಿ ಬಿಡುವುದಿಲ್ಲ, ಅದಕ್ಕೊಂದು ಸಹವಾಸ ಕೊಡುತ್ತಾರೆ. ಇಂಡೊಮೆಥಾಸಿನ್ನಿನ ಅಣುಗಳು ತಾವು ತಾವೇ ಇದ್ದಾಗ ಎರಡೆರಡಾಗಿ ಜಲಜನಕ ಬಂಧದಿಂದ ಜೋಡಿಯಾಗುತ್ತವೆ. ಹರಳಿನಲ್ಲಿರುವುದೂ ಅವೇ ಜೋಡಿಗಳು. ಪಿವಿಪಿ ಬೆರೆಸಿದಾಗ ಅಣುಗಳು ತಮ್ಮ ಜೊತೆಗಾರನ ಕೈಬಿಟ್ಟು ಪಾಲಿಮರಿನ ಉದ್ದ ಸರಪಳಿಯ ಕೈ ಹಿಡಿಯುತ್ತವೆ ಎಂದು ಲಿನ್ ಟೇಲರ್ ಮತ್ತು ಜೋಗ್ರಾಫಿ 1997ರಲ್ಲಿ ಅವಕೆಂಪು ಕಿರಣಗಳ ಮೂಲಕ ತೋರಿಸಿದರು. ಸರಪಳಿ ನಿಧಾನವಾಗಿ ಕದಲುವಂಥದು, ಅದರ ಕೈ ಹಿಡಿದವರೂ ನಿಧಾನವಾಗುತ್ತಾರೆ. ಜೋಡಿ ಮುರಿದುದರಿಂದ ಹರಳಿನ ಬೀಜವೂ ಸುಲಭವಾಗಿ ಹುಟ್ಟುವುದಿಲ್ಲ. 2005ರಲ್ಲಿ ರಿಟೊನಾವಿರ್ ಮತ್ತು ಲೊಪಿನಾವಿರ್ ಎರಡನ್ನೂ ಇದೇ ಬಗೆಯ ಪಾಲಿಮರಿನಲ್ಲಿ ಕರಗಿಸಿ, ತಣಿಸಿ ಮಾಡಿದ ಗುಳಿಗೆ ಬಂದಿತು. ಅದಕ್ಕೆ ಶೈತ್ಯಪೆಟ್ಟಿಗೆ ಬೇಕಾಗಿರಲಿಲ್ಲ. ಬಿಸಿಲಿನ ನಾಡುಗಳ ರೋಗಿಗಳಿಗೆ ಇದು ಎಂತಹ ಉಪಕಾರವೆಂದು ನೀವೇ ಊಹಿಸಬಹುದು.

ಹುಮನಾಬಾದಿಗೂ ಔಷಧಕ್ಕೂ ನಂಟು ಬೆಳೆದದ್ದು ಹೈದರಾಬಾದಿನ ದಾರಿಯಿಂದ. 1961ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ ಐಡಿಪಿಎಲ್ ಸೋವಿಯತ್ ನೆರವಿನಿಂದ ಹೈದರಾಬಾದಿನಲ್ಲಿ ಔಷಧದ ಕಾರ್ಖಾನೆ ಕಟ್ಟಿತು. ಅಲ್ಲಿ ಕೆಲಸ ಕಲಿತವರು ಮುಂದೆ ತಮ್ಮ ಕಂಪನಿಗಳನ್ನು ತೆರೆದರು. 1984ರಲ್ಲಿ ಡಾ. ರೆಡ್ಡೀಸ್ ಸಂಸ್ಥೆಯನ್ನು ಹುಟ್ಟುಹಾಕಿದ ಅಂಜಿ ರೆಡ್ಡಿಯವರೂ ಐಡಿಪಿಎಲ್‌ನಲ್ಲಿ ದುಡಿದವರೇ. 1970ರ ಪೇಟೆಂಟ್ ಕಾಯಿದೆಯು ಔಷಧವಸ್ತುವಿಗೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. 2005ರಲ್ಲಿ ಆ ನಿಯಮ ಬದಲಾಗುವವರೆಗೆ ನಮ್ಮ ದೇಶದ ಕಂಪನಿಗಳು ಬೇರೆ ವಿಧಾನದಿಂದ ಅದೇ ಔಷಧವನ್ನು ಅಗ್ಗವಾಗಿ ತಯಾರಿಸಲು ಅವಕಾಶವಿತ್ತು. ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲೆಯೇ ಇರುವ ಹುಮನಾಬಾದಿನ ಕೈಗಾರಿಕಾ ಪ್ರದೇಶಕ್ಕೂ ಔಷಧದ ಮೂಲವಸ್ತುಗಳ ಘಟಕಗಳು ಬಂದವು. ನಮ್ಮ ಹಳ್ಳಿಗಳ ಹುಡುಗರು ಆ ಪ್ರಯೋಗಾಲಯಗಳಲ್ಲಿ ನಿಂತರು. ಅಲ್ಲಿ ನನ್ನ ಶಿಷ್ಯ ಮಾಡುತ್ತಿದ್ದುದೂ ಹಳೆಯ ಪ್ರಯೋಗವೇ. ಔಷಧದ ಚಿಟಿಕೆಯೊಂದನ್ನು ಕಾಯಿಸಿ, ತಣಿಸಿ, ಎಲ್ಲಿ ಶಾಖ ಹೀರಿತು, ಎಲ್ಲಿ ಬಿಟ್ಟುಕೊಟ್ಟಿತು ಎಂದು ಯಂತ್ರದಿಂದ ನಕ್ಷೆ ಪಡೆಯುವುದು. ತಣ್ಣಗಾಗುವಾಗ ಒಮ್ಮೆಲೇ ಶಾಖ ಬಿಟ್ಟುಕೊಟ್ಟರೆ ಅದು ಹರಳಾಯಿತೆಂದು ತಿಳಿಯಬೇಕು.

"ನಿನಗ ಆ ಹೈಪೋ ನೆನಪದನೋ?" ಎಂದು ನಾನು ಕೇಳಿದೆ.

"ಅದ್ಹ್ಯಾಂಗ ಮರೀಲಿಕ್ಕಾಗ್ತದ್ರಿ ಸರ್" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದ. "ಅಪ್ಪ ಬೆಲ್ಲದ ಪಾಕ ನೋಡ್ಲಿಕ್ಕ ಕಲಿಸಿದ್ರು. ಪಾಕ ಏನ್ ಮಾಡ್ತದೋ ಅದನ್ನ ನೋಡಬೇಕು, ನಾವ್ ಅಂದ್ಕೊಂಡಿದ್ದನ್ನ ನೋಡಬಾರ್ದು ಅಂತಿದ್ರು. ಅದಕ್ಕ ನಾ ಕಂಡದ್ದೇ ಬರ್ದಿದ್ದೆ. ನೀವು ಗೆರಿ ಎಳದ್ರಿ. ಕೆಲಸಕ್ಕ ಸೇರಿದ ಮ್ಯಾಲ ನನ್ನ ಕೈ ಕೆಳಗಿನ ಹುಡುಗ್ರು ಒಪ್ಪದ ಅಂಕಿ ತಂದ್ರ ನಾ ಗೆರಿ ಎಳಿಯಂಗಿಲ್ರಿ. ಮತ್ತೊಮ್ಮೆ ಮಾಡಿ ನೋಡ್ರಿ ಅಂತೀನಿ."

ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಆದ್ದರಿಂದಲೇ ನನಗೆ ಹೆಚ್ಚು ನೋವಾಯಿತು. ಔಷಧದ ಪ್ರಯೋಗಾಲಯದಲ್ಲಿ ಒಪ್ಪದ ಅಂಕಿಯನ್ನು ಹೊಡೆದುಹಾಕಿ ಪಕ್ಕದವನ ಅಂಕಿಯನ್ನು ಬರೆದರೆ ಏನಾಗಬಹುದೆಂದು ನಾನು ಈಗ ಬಲ್ಲೆ. ಅಂತಹದನ್ನು ಹದಿನಾಲ್ಕರ ಹುಡುಗನಿಗೆ ಅಂಕ ಕೊಟ್ಟು ಕಲಿಸಲು ಹೊರಟಿದ್ದವನು ನಾನು. ಅವನು ಅದನ್ನು ಕಲಿಯದೆ ಹೋದದ್ದು ಅವನ ತಂದೆಯ ಪುಣ್ಯ. ಅವನೆದುರಿಗೆ ಅಂದೇ ಕ್ಷಮೆ ಕೇಳಿದೆ. ಅವನು ಗಾಬರಿಯಾಗಿ ಎದ್ದು ನನ್ನ ಕಾಲು ಮುಟ್ಟಿದ. ಆದರೆ ಆ ಗೆರೆಯನ್ನು ಇಡೀ ತರಗತಿಯ ಎದುರಿಗೆ ಎಳೆದಿದ್ದೆ. ಆ ತರಗತಿಯಲ್ಲಿ ಕುಳಿತಿದ್ದ ಅನೇಕರು ಇದನ್ನು ಓದುತ್ತೀರಿ. ಆದ್ದರಿಂದ ನಿಮ್ಮೆಲ್ಲರ ಎದುರಿಗೂ ಹೇಳುತ್ತಿದ್ದೇನೆ. ಅವನ ಪಟ್ಟಿ ಸರಿಯಾಗಿತ್ತು, ತಪ್ಪಿದ್ದವನು ನಾನು. ಹತ್ತಕ್ಕೆ ಹತ್ತು ಅಂಕ ಅವನಿಗೆ ಸಲ್ಲಬೇಕು.

ಬಂಧುಗಳಿಗೆ ಒಂದು ಮಾತು. ನೀವು ನುಂಗುವ ಗುಳಿಗೆಗಳಲ್ಲಿ ಹೆಚ್ಚಿನವು ಹರಳಿನ ರೂಪದಲ್ಲಿಯೇ ಇರುತ್ತವೆ, ಹೆದರಬೇಕಾಗಿಲ್ಲ. ಆದರೂ ಯಾವುದು ಯಾವ ರೂಪದ್ದೆಂದು ನಮ್ಮ ಕಣ್ಣಿಗೆ ತಿಳಿಯದು. ಚಿಕ್ಕಿಯ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಮಳೆಗಾಲದಲ್ಲಿ ಅದು ಅಂಟಂಟಾಗುವುದನ್ನು ಕಂಡಿದ್ದೀರಿ. ತೇವಾಂಶವು ಗಾಜನ್ನು ಬೇಗ ಸಡಿಲಗೊಳಿಸುತ್ತದೆ, ಔಷಧದ ಗಾಜನ್ನೂ ಹಾಗೆಯೇ. ಆದ್ದರಿಂದ ಗುಳಿಗೆಗಳನ್ನು ಪಟ್ಟಿಯಿಂದ ಮೊದಲೇ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ. ತಗಡಿನ ಮಾಡಿನ ಕೆಳಗಿನ ಗೂಡಿನಲ್ಲಾಗಲಿ, ಒಲೆಯ ಮಗ್ಗುಲಲ್ಲಾಗಲಿ, ಬಿಸಿಲಿನಲ್ಲಿ ನಿಲ್ಲಿಸಿದ ಮೋಟಾರು ಸೈಕಲ್ಲಿನ ಪೆಟ್ಟಿಗೆಯಲ್ಲಾಗಲಿ ಇಡಬೇಡಿ. ಹೊದಿಕೆಯ ಮೇಲೆ ಎಷ್ಟು ಡಿಗ್ರಿಯ ಒಳಗೆ ಇಡಬೇಕೆಂದು ಮುದ್ರಿಸಿರುತ್ತಾರೆ. ಅದನ್ನು ಓದಿ ಹಾಗೆಯೇ ಇಡಿ.

ನಿಮ್ಮಲ್ಲಿ ಈಗ ಅಧ್ಯಾಪಕರಾಗಿರುವವರು ಹಲವರಿದ್ದೀರಿ. ಹೈಪೋ ಈಗಲೂ ಸಿಗುತ್ತದೆ. ಮಕ್ಕಳಿಂದ ಈ ಪ್ರಯೋಗ ಮಾಡಿಸಿ. ಯಾರಾದರೂ ಹಿಂದಿನ ಸಾಲಿನಿಂದ ಎದ್ದು ಬಂದು 34ರ ಮುಂದೆ 48 ಎಂದು ಬರೆದ ಪಟ್ಟಿಯನ್ನು ತೋರಿಸಿದರೆ, ಕೆಂಪು ಶಾಯಿಯ ಲೇಖನಿಯನ್ನು ಕೆಳಗಿಟ್ಟು ಆ ಮಗುವಿನ ಜೊತೆ ಹೋಗಿ ಪ್ರನಾಳವನ್ನು ಒಮ್ಮೆ ನೋಡಿ ಬನ್ನಿ.